ಅಜ್ಜನ ಲೆನ್ಸು, ಮೊಮ್ಮಗಳ ಕ್ಯಾಮರಾ

ಕಳೆದ ದೀಪಾವಳಿಗೆ ಎರಡು ದಿನ ಮುಂಚೆ ನನ್ನ ತಂಗಿಯ ಮನೆಯಲ್ಲಿ ಬೀರು, ಅಟ್ಟ ಎಲ್ಲವನ್ನೂ ಕೊಡವುವ ಕೆಲಸ ನಡೆದಿತ್ತು. ಹಳೆಯ ಪತ್ರಿಕೆಗಳು, ತುಕ್ಕು ಹಿಡಿದ ಸ್ಟೌ, ರೆಕ್ಕೆ ಮುರಿದ ಫ್ಯಾನು ಅಂಗಳದಲ್ಲಿ ಗುಡ್ಡೆ ಬಿದ್ದಿದ್ದವು. ಗುಜರಿಯವನು ತಕ್ಕಡಿ ಹಿಡಿದು ಕೂತಿದ್ದ. ಆ ಗುಡ್ಡೆಯಲ್ಲೇ, ಹೊಲಿಗೆ ಬಿಚ್ಚಿದ ಒಂದು ಚರ್ಮದ ಚೀಲದೊಳಗೆ, ತಂಗಿಯ ಮಾವನವರ ಕ್ಯಾಮರಾ ಇತ್ತು. ರಷ್ಯಾದ ಜೆನಿಟ್. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಅವರು ಊರಿನ ಎಷ್ಟೋ ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋಗಳನ್ನು ಅದರಲ್ಲೇ ತೆಗೆದಿದ್ದರು. ಅವರು 2019ರಲ್ಲಿ ತೀರಿಕೊಂಡರು. ಕ್ಯಾಮರಾದ ಷಟರ್ ಅದಕ್ಕೂ ಬಹಳ ಹಿಂದೆಯೇ ತೀರಿಕೊಂಡಿತ್ತು.

ಗುಜರಿಯವನು ಅದನ್ನು ಅಲ್ಯೂಮಿನಿಯಂ ಲೆಕ್ಕದಲ್ಲಿ ತೂಗುವುದರಲ್ಲಿದ್ದನಂತೆ. ದ್ವಿತೀಯ ಪಿಯುಸಿ ಓದುತ್ತಿರುವ ತಂಗಿಯ ಮಗಳು ಚೀಲವನ್ನೇ ಕಸಿದುಕೊಂಡು ಒಳಗೆ ಓಡಿದಳು. ಸಂಜೆ ನನಗೆ ಫೋನು. 'ಮಾವ, ಅಜ್ಜನ ಕ್ಯಾಮರಾ ಕೆಟ್ಟಿದೆ. ಆದರೆ ಮುಂದಿನ ಲೆನ್ಸು ಚೆನ್ನಾಗಿದೆ, ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ನನ್ನ ಕ್ಯಾಮರಾಕ್ಕೆ ಕೂರುತ್ತದೆಯೇ?' ಹಿಂದಿನಿಂದ ಅವಳ ಅಪ್ಪನ ದನಿಯೂ ಕೇಳಿಸಿತು: 'ಅದಕ್ಕೆ ಇನ್ನೆಷ್ಟು ದುಡ್ಡು ಸುರಿಯಬೇಕೋ ಅದನ್ನೂ ಕೇಳು!'

ಎರಡೂ ನ್ಯಾಯವಾದ ಪ್ರಶ್ನೆಗಳೇ. ಇಂಥದೇ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಎದ್ದಿರುತ್ತದೆ. ಮಗನೋ ಮಗಳೋ ಹತ್ತಾರು ಸಾವಿರ ರೂಪಾಯಿಯ ಹೊಸ ಲೆನ್ಸು ಕೇಳುತ್ತಾರೆ. ಅದೇ ಮನೆಯ ಬೀರುವಿನಲ್ಲಿ ಹಿರಿಯರ ಕಾಲದ ಒಳ್ಳೆಯ ಗಾಜು ಧೂಳು ತಿನ್ನುತ್ತಿರುತ್ತದೆ. ಹಾಗಾಗಿ ಈ ವಾರ ಅದರ ಬಗ್ಗೆಯೇ ಬರೆಯುತ್ತೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಆ ಲೆನ್ಸು ಬೀರು ಸೇರಿದ್ದೇ ನನ್ನ ತಪ್ಪಿನಿಂದ.

ಮೊದಲು ಲೆನ್ಸಿನ ಪರಿಚಯ. ಅದರ ಮುಂದಿನ ಉಂಗುರದ ಮೇಲೆ 'ಹೀಲಿಯಾಸ್ 44-2, 58 ಮಿ.ಮೀ., 2' ಎಂದು ಕೆತ್ತಿದೆ. ಜತೆಗೆ ಒಂದು ಉದ್ದನೆಯ ಸಂಖ್ಯೆ. ಸೋವಿಯತ್ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಆ ಸಂಖ್ಯೆಯ ಮೊದಲ ಎರಡು ಅಂಕಿಗಳು ತಯಾರಾದ ವರ್ಷವನ್ನು ಸೂಚಿಸುತ್ತವೆ. ಇದರದ್ದು 83, ಅಂದರೆ 1983. 58 ಮಿ.ಮೀ. ಎಂಬುದು ಮಸೂರದ ಸಂಗಮ ದೂರ. 2 ಎಂಬುದು ಅದರ ದ್ವಾರ ಎಷ್ಟು ಅಗಲವಾಗಿ ತೆರೆದುಕೊಳ್ಳಬಲ್ಲದು ಎಂಬುದರ ಅಳತೆ. ಇದರ ವಿನ್ಯಾಸದ ಮೂಲ ಜರ್ಮನಿಯ ಝೈಸ್ ಕಂಪೆನಿಯ ಬಯೋಟಾರ್ ಎಂಬ ಲೆನ್ಸು. ಎರಡನೆಯ ಮಹಾಯುದ್ಧದ ನಂತರ ಆ ವಿದ್ಯೆ ಸೋವಿಯತ್ ದೇಶಕ್ಕೆ ಹೋಯಿತು. ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್‌ನ ಕಾರ್ಖಾನೆಯಲ್ಲಿ, ಆಮೇಲೆ ಬೇರೆ ಕಾರ್ಖಾನೆಗಳಲ್ಲಿಯೂ, ಇದು ಲಕ್ಷಗಟ್ಟಲೆ ತಯಾರಾಯಿತು. ಅಂದರೆ ಇದೇನೂ ಅಪರೂಪದ ವಸ್ತುವಲ್ಲ, ಜನಸಾಮಾನ್ಯರ ಲೆನ್ಸು.

ಈಗ ನನ್ನ ತಪ್ಪಿನ ಕಥೆ. 2013ರಲ್ಲಿ ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರು ನಿವೃತ್ತರಾದರು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಬೀಳ್ಕೊಡುಗೆ ಇಟ್ಟುಕೊಂಡಿದ್ದೆವು. ಫೋಟೋ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಬಳಿ ಒಂದು ಹಳೆಯ ನಿಕಾನ್ ಡಿಜಿಟಲ್ ಎಸ್‌ಎಲ್‌ಆರ್ ಇತ್ತು, ಅದರ ಜತೆ ಬಂದಿದ್ದ ಸಾಧಾರಣ ಜೂಮ್ ಲೆನ್ಸಿತ್ತು. ಸಭೆ ಸಂಜೆಗೆ, ಬೆಳಕು ಕಡಿಮೆ. ತಂಗಿಯ ಮಾವನವರು ತಾವಾಗಿಯೇ ಹೀಲಿಯಾಸನ್ನು ಬಿಚ್ಚಿಕೊಟ್ಟರು. 'ಇದು ಬೆಳಕನ್ನು ಚೆನ್ನಾಗಿ ಕುಡಿಯುತ್ತೆ, ತಗೊಂಡು ಹೋಗಿ' ಎಂದರು. ನಾನು ಪೇಟೆಯ ಒಂದು ಅಂಗಡಿಗೆ ಹೋಗಿ ಎರಡನ್ನೂ ತೋರಿಸಿದೆ. ಅಂಗಡಿಯಾತ ಒಂದು ತೆಳ್ಳನೆಯ ಲೋಹದ ಉಂಗುರ ಕೊಟ್ಟ. ಲೆನ್ಸು ಉಂಗುರಕ್ಕೆ ಕೂತಿತು, ಉಂಗುರ ಕ್ಯಾಮರಾಕ್ಕೆ ಕೂತಿತು. ಮನೆಗೆ ಬಂದು ಹೂಕುಂಡದ ಚಿತ್ರ ತೆಗೆದು ನೋಡಿದೆ. ಎಲೆಯ ನರಗಳೂ ಎಣಿಸುವಂತೆ ಬಂದಿದ್ದವು. ಇನ್ನೇನು ಬೇಕು?

ಸಮಾರಂಭದಲ್ಲಿ ನೂರಾರು ಚಿತ್ರ ತೆಗೆದೆ. ಕ್ಯಾಮರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡವು. ರಾತ್ರಿ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಎದೆ ಧಸಕ್ಕೆಂದಿತು. ವೇದಿಕೆಯ ಮೇಲಿನ ಒಂದು ಮುಖವೂ ಸ್ಪಷ್ಟವಾಗಿರಲಿಲ್ಲ. ಶಾಲು ಹೊದಿಸಿದ್ದು, ಮೇಷ್ಟ್ರು ಮಾತಾಡುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದು, ಎಲ್ಲವೂ ಮಂಜಿನಲ್ಲಿ ನಡೆದಂತಿತ್ತು. ಸ್ಪಷ್ಟವಾಗಿ ಬಂದದ್ದು ಒಂದೇ ಚಿತ್ರ. ಕೊನೆಯಲ್ಲಿ ಅವರು ವೇದಿಕೆ ಇಳಿದು ಬಂದು, 'ಏನಯ್ಯಾ, ಬರೀ ನಮ್ಮದೇ ತೆಗೀತೀಯ, ಊಟ ಮಾಡಿದೆಯಾ?' ಎಂದು ನನ್ನೆದುರು ನಿಂತಾಗ ತೆಗೆದದ್ದು.

ಮರುದಿನ ಲೆನ್ಸು ಹಿಂದಿರುಗಿಸಲು ಹೋದೆ. 'ಸಾರ್, ಇದು ಡಿಜಿಟಲ್ ಕಾಲಕ್ಕೆ ಆಗಿಬರೋದಿಲ್ಲ' ಎಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿ ಬೀರುವಿನಲ್ಲಿಟ್ಟರು. ಅದು ಮತ್ತೆ ಹೊರಗೆ ಬಂದದ್ದು ಗುಜರಿಯವನ ಎದುರಿಗೇ.

ತಪ್ಪು ಲೆನ್ಸಿನದಲ್ಲ, ಕ್ಯಾಮರಾದ್ದೂ ಅಲ್ಲ. ನಾನು ಮಾಡಬೇಕಾಗಿದ್ದ ಒಂದು ವ್ಯವಕಲನವನ್ನು ಮಾಡಲಿಲ್ಲ, ಅಷ್ಟೆ. ಗಣಿತದ ಮೇಷ್ಟ್ರ ಬೀಳ್ಕೊಡುಗೆಯಲ್ಲೇ ಹೀಗಾಯಿತು!

ಆ ಲೆಕ್ಕ ಏನೆಂದು ತಿಳಿಯಲು ಒಂದು ಸಣ್ಣ ಪ್ರಯೋಗ ಮಾಡಿ. ಹಗಲು ಹೊತ್ತು ಕೋಣೆಯ ದೀಪ ಆರಿಸಿ. ಕಿಟಕಿಯ ಎದುರಿನ ಗೋಡೆಯ ಬಳಿ ಒಂದು ಭೂತಗನ್ನಡಿ ಹಿಡಿಯಿರಿ. ಅದನ್ನು ಗೋಡೆಯಿಂದ ನಿಧಾನವಾಗಿ ಹಿಂದಕ್ಕೆ ಸರಿಸುತ್ತ ಬಂದರೆ, ಒಂದು ಜಾಗದಲ್ಲಿ ಕಿಟಕಿ, ಹೊರಗಿನ ಮರ, ಆಕಾಶ ಎಲ್ಲವೂ ತಲೆಕೆಳಗಾಗಿ ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡುತ್ತವೆ. ಸ್ವಲ್ಪ ಹಿಂದೆ ಮುಂದೆ ಆದರೂ ಚಿತ್ರ ಕಲೆಸಿಹೋಗುತ್ತದೆ. ಗೋಡೆಯ ಜಾಗದಲ್ಲಿ ಫಿಲ್ಮನ್ನೋ ಡಿಜಿಟಲ್ ಸೆನ್ಸರನ್ನೋ ಇಟ್ಟರೆ ಅದೇ ಕ್ಯಾಮರಾ. ಇನ್ನೊಂದು ವಿಷಯ ಗಮನಿಸಿ. ಬಹಳ ದೂರದ ವಸ್ತು ಸ್ಪಷ್ಟವಾಗಬೇಕಾದರೆ ಮಸೂರ ಗೋಡೆಗೆ ಹತ್ತಿರ ಇರಬೇಕು. ಹತ್ತಿರದ ವಸ್ತುವಿಗೆ, ಉದಾಹರಣೆಗೆ ಒಂದು ಮೇಣದ ಬತ್ತಿಗೆ, ಮಸೂರ ಗೋಡೆಯಿಂದ ಇನ್ನಷ್ಟು ದೂರ ಸರಿಯಬೇಕು. ಕ್ಯಾಮರಾ ಲೆನ್ಸಿನ ಫೋಕಸ್ ಉಂಗುರ ತಿರುಗಿಸಿದಾಗ ನಡೆಯುವುದೂ ಇದೇ. (ಭೂತಗನ್ನಡಿಯನ್ನಾಗಲಿ ಲೆನ್ಸನ್ನಾಗಲಿ ಸೂರ್ಯನ ಕಡೆ ಹಿಡಿದು ಅದರ ಮೂಲಕ ಎಂದೂ ನೋಡಬೇಡಿ. ಕಣ್ಣು ಶಾಶ್ವತವಾಗಿ ಹೋಗುತ್ತದೆ.)

ಆದ್ದರಿಂದ ಪ್ರತಿಯೊಂದು ಕ್ಯಾಮರಾ ಕಂಪೆನಿಯೂ ಒಂದು ಅಳತೆಯನ್ನು ಗೊತ್ತು ಮಾಡಿಕೊಂಡಿರುತ್ತದೆ. ಲೆನ್ಸು ಕೂರುವ ಲೋಹದ ಬಳೆಯಿಂದ ಒಳಗಿನ ಫಿಲ್ಮಿಗೆ ಅಥವಾ ಸೆನ್ಸರಿಗೆ ಇರುವ ದೂರ ಅದು. ಇದಕ್ಕೆ ಫ್ಲಾಂಜ್ ದೂರ ಎಂದು ಹೆಸರು. ಅಜ್ಜನ ಲೆನ್ಸು ಎಂ42 ಎಂಬ ಜಾತಿಯದು. ಅದರ ಹಿಂಬದಿಯಲ್ಲಿ 42 ಮಿ.ಮೀ. ಅಗಲದ ತಿರುಪು ಇರುತ್ತದೆ, ಬಾಟಲಿಯ ಮುಚ್ಚಳದಂತೆ ತಿರುಗಿಸಿ ಕೂರಿಸುವುದು. 1949ರ ಸುಮಾರಿಗೆ ಪೂರ್ವ ಜರ್ಮನಿಯ ಕಾಂಟ್ಯಾಕ್ಸ್ ಎಸ್, ಪ್ರಾಕ್ಟಿಕಾ ಕ್ಯಾಮರಾಗಳಿಂದ ಇದು ಬಳಕೆಗೆ ಬಂತು. ಜಪಾನಿನ ಪೆಂಟಾಕ್ಸ್ ಕೂಡ 1975ರಲ್ಲಿ ತನ್ನ ಹೊಸ 'ಕೆ' ಮೌಂಟಿಗೆ ಹೋಗುವವರೆಗೆ ಇದನ್ನೇ ಬಳಸಿತು. ಇದರ ಫ್ಲಾಂಜ್ ದೂರ 45.46 ಮಿ.ಮೀ. ಲೆನ್ಸಿನ ಬುಡ ಸೆನ್ಸರಿನಿಂದ ಸರಿಯಾಗಿ ಅಷ್ಟೇ ದೂರದಲ್ಲಿದ್ದರೆ ಮಾತ್ರ ದೂರದ ಬೆಟ್ಟ ಬೆಟ್ಟವಾಗಿ ಕಾಣುತ್ತದೆ.

ನಿಕಾನ್ ಎಸ್‌ಎಲ್‌ಆರ್‌ಗಳ 'ಎಫ್' ಮೌಂಟ್ 1959ರದು. ಅದರ ಫ್ಲಾಂಜ್ ದೂರ 46.5 ಮಿ.ಮೀ. ಈಗ ಕಳೆಯಿರಿ: 46.5ರಿಂದ 45.46 ಹೋದರೆ 1.04 ಮಿ.ಮೀ. ಅಂದರೆ ನನ್ನ ಕ್ಯಾಮರಾದ ಮೇಲೆ ಆ ಲೆನ್ಸು ಇರಬೇಕಾದ ಜಾಗಕ್ಕಿಂತ ಒಂದು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಮುಂದೆ ನಿಂತಿತ್ತು. ಉಂಗುರ ಎಷ್ಟೇ ತೆಳ್ಳಗಿರಲಿ, ಅದು ಲೆನ್ಸನ್ನು ಇನ್ನಷ್ಟು ಮುಂದೆ ತಳ್ಳಬಲ್ಲದೇ ಹೊರತು ಕ್ಯಾಮರಾದ ಒಳಕ್ಕೆ ಎಳೆಯಲಾರದು.

ಒಂದು ಮಿಲಿಮೀಟರಿಗೆ ಇಷ್ಟೊಂದು ರಾದ್ಧಾಂತವೇ ಎನ್ನಬೇಡಿ. ಪಿಯುಸಿ ವಿದ್ಯಾರ್ಥಿಗಳು ನ್ಯೂಟನ್ನನ ಮಸೂರ ಸೂತ್ರ ಹಚ್ಚಿ ನೋಡಬಹುದು. ಮಸೂರವನ್ನು ಅದರ 'ಅನಂತ ದೂರ'ದ ಸ್ಥಾನದಿಂದ ಎಷ್ಟು ಮುಂದೆ ಸರಿಸಿದ್ದೇವೋ ಅದನ್ನು, ಮುಂದಿನ ಸಂಗಮ ಬಿಂದುವಿನಿಂದ ವಸ್ತುವಿಗಿರುವ ದೂರದಿಂದ ಗುಣಿಸಿದರೆ, ಸಂಗಮ ದೂರದ ವರ್ಗ ಬರುತ್ತದೆ. 58ರ ವರ್ಗ 3364. ಅದನ್ನು 1.04ರಿಂದ ಭಾಗಿಸಿದರೆ ಸುಮಾರು 3235 ಮಿ.ಮೀ. ಅಂದರೆ ಮೂರು ಮೀಟರು ಮತ್ತು ಸ್ವಲ್ಪ. ಫೋಕಸ್ ಉಂಗುರವನ್ನು ಕೊನೆಯವರೆಗೆ ತಿರುಗಿಸಿದರೂ ಅದರಾಚೆಗಿನದು ಆ ಜೋಡಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಉಂಗುರಕ್ಕೂ ದಪ್ಪವಿದ್ದರೆ ಇನ್ನೂ ಕಡಿಮೆ. ಹೂಕುಂಡ ಆ ಮೂರು ಮೀಟರಿನ ಒಳಗಿತ್ತು. ವೇದಿಕೆ ಹೊರಗಿತ್ತು. ಊಟ ಆಯಿತೇ ಎಂದು ಕೇಳಲು ಬಂದ ಮೇಷ್ಟ್ರು ಒಳಗೆ ಬಂದರು, ಅವರ ಚಿತ್ರವೊಂದು ಉಳಿಯಿತು.

ಇದೇ ಕಾರಣದಿಂದ ಎಷ್ಟೋ ಒಳ್ಳೆಯ ಲೆನ್ಸುಗಳು ದಶಕಗಳ ಕಾಲ ಅನಾಥವಾಗಿದ್ದವು. ಕ್ಯಾನನ್ ಕಂಪೆನಿ 1971ರಲ್ಲಿ ತಂದ ಎಫ್‌ಡಿ ಲೆನ್ಸುಗಳ ಫ್ಲಾಂಜ್ ದೂರ 42 ಮಿ.ಮೀ. ಅದೇ ಕಂಪೆನಿ 1987ರಲ್ಲಿ ಆಟೋಫೋಕಸ್‌ಗಾಗಿ ತಂದ ಇಎಫ್ ಮೌಂಟಿನದು 44 ಮಿ.ಮೀ. ಎರಡು ಮಿಲಿಮೀಟರಿನ ಅಂತರ. ಅಲ್ಲಿಗೆ ಕ್ಯಾನನ್ನಿನ ಹಳೆಯ ಲೆನ್ಸು ಕ್ಯಾನನ್ನಿನದೇ ಹೊಸ ಕ್ಯಾಮರಾಕ್ಕೆ ಸುಲಭವಾಗಿ ಕೂರದಂತಾಯಿತು. ನಡುವೆ ಗಾಜಿರುವ ಅಡಾಪ್ಟರುಗಳು ಸಿಗುತ್ತವೆ, ನಿಜ. ಆದರೆ ಒಳ್ಳೆಯ ಲೆನ್ಸಿನ ಹಿಂದೆ ಅಗ್ಗದ ಗಾಜು ಇಟ್ಟರೆ ಚಿತ್ರ ಮಂಕಾಗುತ್ತದೆ.

ಹಾಗಾದರೆ ಪರಿಸ್ಥಿತಿ ಬದಲಾದದ್ದು ಹೇಗೆ? ಎಸ್‌ಎಲ್‌ಆರ್ ಕ್ಯಾಮರಾದ ಹೊಟ್ಟೆಯಲ್ಲಿ ಓರೆಯಾಗಿ ನಿಂತ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ, ನಮ್ಮ ಕಣ್ಣಿಗೆ ಕಳಿಸುತ್ತದೆ. ಗುಂಡಿ ಒತ್ತಿದಾಗ ಟಪ್ಪೆಂದು ಮೇಲಕ್ಕೆ ಏಳುತ್ತದೆ. ಆ ಕನ್ನಡಿ ಆಡಲು ಜಾಗ ಬೇಕಾದ್ದರಿಂದಲೇ ಲೆನ್ಸನ್ನು 42, 44, 46 ಮಿ.ಮೀ. ದೂರ ಇಡಬೇಕಾಗಿತ್ತು. 2008ರಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಎಂಬ ಪದ್ಧತಿಯ ಕ್ಯಾಮರಾ ಬಂದಾಗ ಕನ್ನಡಿಯನ್ನೇ ತೆಗೆದುಹಾಕಲಾಯಿತು. ಸೆನ್ಸರ್ ಕಂಡದ್ದನ್ನು ನೇರವಾಗಿ ಪುಟ್ಟ ಪರದೆಯಲ್ಲಿ ತೋರಿಸುವ ಏರ್ಪಾಡು ಬಂತು. ಇವೇ ಮಿರರ್‌ಲೆಸ್ ಕ್ಯಾಮರಾಗಳು. ಅದರ ಫ್ಲಾಂಜ್ ದೂರ ಸುಮಾರು 19 ಮಿ.ಮೀ. 2010ರ ಸೋನಿ 'ಇ' ಮೌಂಟಿನದು 18, 2012ರ ಫ್ಯೂಜಿ 'ಎಕ್ಸ್' ಮೌಂಟಿನದು 17.7, 2018ರಲ್ಲಿ ಬಂದ ಕ್ಯಾನನ್ 'ಆರ್‌ಎಫ್' ಮೌಂಟಿನದು 20, ಅದೇ ವರ್ಷದ ನಿಕಾನ್ 'ಝಡ್' ಮೌಂಟಿನದು 16 ಮಿ.ಮೀ.

ಕನ್ನಡಿ ಹೋದ ಮೇಲೆ ಎಸ್‌ಎಲ್‌ಆರ್ ಕಾಲದ ಹೆಚ್ಚುಕಡಿಮೆ ಎಲ್ಲ ಲೆನ್ಸುಗಳಿಗೂ ಜಾಗ ಸಿಕ್ಕಿತು. ನನ್ನ ಸೋದರ ಸೊಸೆಯ ಬಳಿ ಇರುವುದು ಸೋನಿ ಎ6000, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಅದರದು 'ಇ' ಮೌಂಟ್. ಮತ್ತೆ ವ್ಯವಕಲನ: 45.46ರಲ್ಲಿ 18 ಹೋದರೆ 27.46 ಮಿ.ಮೀ. ಅಷ್ಟು ಉದ್ದದ ಒಂದು ಟೊಳ್ಳು ಲೋಹದ ಕೊಳವೆ, ಒಂದು ತುದಿಯಲ್ಲಿ ತಿರುಪು, ಇನ್ನೊಂದು ತುದಿಯಲ್ಲಿ ಸೋನಿ ಮೌಂಟ್. ಒಳಗೆ ಗಾಜಿಲ್ಲ, ತಂತಿಯಿಲ್ಲ, ಬರೀ ಗಾಳಿ. ಅಡಾಪ್ಟರ್ ಎಂದರೆ ಇಷ್ಟೇ. ಇಂಥ ಸಾದಾ ಅಡಾಪ್ಟರ್ ಒಂದೆರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಅಪ್ಪನ ಪ್ರಶ್ನೆಗೆ ಉತ್ತರ ಅದು.

ನಿಮ್ಮ ಮನೆಯಲ್ಲಿರುವುದು ಬೇರೆ ಲೆನ್ಸಾದರೆ ಅದರ ಸಂಖ್ಯೆ ಗುರುತು ಹಾಕಿಕೊಳ್ಳಿ: ಪೆಂಟಾಕ್ಸ್ 'ಕೆ' 45.46, ಒಲಿಂಪಸ್ ಓಎಂ 46, ಮಿನೋಲ್ಟಾ ಎಂಡಿ 43.5, ಕ್ಯಾನನ್ ಎಫ್‌ಡಿ 42, ನಿಕಾನ್ 'ಎಫ್' 46.5 ಮಿ.ಮೀ. ನಿಯಮ ಸುಲಭ. ಲೆನ್ಸಿನ ಸಂಖ್ಯೆ ಕ್ಯಾಮರಾದ ಸಂಖ್ಯೆಗಿಂತ ಸಾಕಷ್ಟು ದೊಡ್ಡದಿದ್ದರೆ ಸಾದಾ ಉಂಗುರ ಸಾಕು. ಚಿಕ್ಕದಾಗಿದ್ದರೆ ಆ ಜೋಡಿಯ ಆಸೆ ಬಿಡಿ. ಎಂ42 ಲೆನ್ಸು ಕ್ಯಾನನ್ ಇಎಫ್ ಕ್ಯಾಮರಾಕ್ಕೆ ಕೂರುತ್ತದೆ (45.46, 44), ನಿಕಾನ್ ಎಸ್‌ಎಲ್‌ಆರ್‌ಗೆ ಕೂತರೂ ದೂರ ನೋಡುವುದಿಲ್ಲ. ಇನ್ನು ಆಗ್ಫಾ ಕ್ಲಿಕ್ 3, ಯಾಶಿಕಾ ಎಲೆಕ್ಟ್ರೋ 35, ಯಾಶಿಕಾ ಮ್ಯಾಟ್ ಮುಂತಾದವುಗಳಲ್ಲಿ ಲೆನ್ಸು ಕ್ಯಾಮರಾಕ್ಕೇ ಅಂಟಿಕೊಂಡಿರುತ್ತದೆ. ಅವನ್ನು ಬಿಚ್ಚಲು ಹೋಗದೆ ಇದ್ದ ಹಾಗೇ ನೆನಪಿಗೆ ಇಟ್ಟುಕೊಳ್ಳಿ.

ಅಡಾಪ್ಟರ್ ಬಂದ ದಿನವೇ ಹುಡುಗಿಯ ಎರಡನೆಯ ಫೋನು. 'ಮಾವ, ಕೂತಿತು. ಆದರೆ ಕ್ಯಾಮರಾ ಕ್ಲಿಕ್ಕೇ ಆಗುತ್ತಿಲ್ಲ!' ಹೆದರಬೇಕಾದ್ದಿಲ್ಲ. ಹಳೆಯ ಲೆನ್ಸಿಗೆ ವಿದ್ಯುತ್ ಸಂಪರ್ಕವಿಲ್ಲದ್ದರಿಂದ ಕ್ಯಾಮರಾ ತನಗೆ ಲೆನ್ಸೇ ಹಾಕಿಲ್ಲ ಎಂದುಕೊಳ್ಳುತ್ತದೆ. ಮೆನುವಿನಲ್ಲಿ 'ಲೆನ್ಸ್ ಇಲ್ಲದೆಯೂ ಷಟರ್ ಬಿಡು' ಎಂಬ ಅರ್ಥದ ಒಂದು ಆಯ್ಕೆ ಇರುತ್ತದೆ. ಅದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಮೇಲಿನ ಚಕ್ರವನ್ನು 'ಎ' ಅಥವಾ 'ಎಂ' ಅಕ್ಷರಕ್ಕೆ ಇಡಬೇಕು. 'ಎ'ನಲ್ಲಿ ದ್ವಾರದ ಅಳತೆ ನಮ್ಮದು, ಷಟರಿನ ವೇಗ ಕ್ಯಾಮರಾದ್ದು. 'ಎಂ'ನಲ್ಲಿ ಎರಡೂ ನಮ್ಮದೇ. ಕ್ಯಾಮರಾದಲ್ಲೇ ಕೈನಡುಕ ತಡೆಯುವ ವ್ಯವಸ್ಥೆ ಇದ್ದರೆ ಅದಕ್ಕೆ ಲೆನ್ಸಿನ ಸಂಗಮ ದೂರವನ್ನು ನಾವೇ ತಿಳಿಸಬೇಕು. ಎ6000ದಲ್ಲಿ ಆ ವ್ಯವಸ್ಥೆ ಇಲ್ಲ. ಹಾಗಾಗಿ ಷಟರ್ ವೇಗ ಸೆಕೆಂಡಿನ 125ನೇ ಒಂದು ಭಾಗಕ್ಕಿಂತ ನಿಧಾನವಾಗದಂತೆ ನೋಡಿಕೊಂಡರೆ ಒಳ್ಳೆಯದು.

ಫೋಕಸ್ ಮಾಡುವುದು ಕೈಯಿಂದಲೇ. ಇಲ್ಲಿ ಮಾತ್ರ ಹೊಸ ಕ್ಯಾಮರಾ ಹಳೆಯ ಲೆನ್ಸಿಗೆ ಒಳ್ಳೆಯ ಸಹಾಯ ಮಾಡುತ್ತದೆ. ಸ್ಪಷ್ಟವಾಗಿರುವ ಅಂಚುಗಳಿಗೆ ಪರದೆಯ ಮೇಲೆ ಕೆಂಪು ಅಥವಾ ಹಳದಿ ಬಣ್ಣ ಹಚ್ಚಿ ತೋರಿಸುವ 'ಪೀಕಿಂಗ್' ಸೌಲಭ್ಯವಿದೆ. ಒಂದು ಗುಂಡಿ ಒತ್ತಿದರೆ ಚಿತ್ರದ ನಡುಭಾಗ ಹಿಗ್ಗಿ ಕಾಣುತ್ತದೆ. ಮುಖ ತೆಗೆಯುವಾಗ ಹಿಗ್ಗಿಸಿ, ಕಣ್ಣಿನ ರೆಪ್ಪೆಯ ಮೇಲೆ ಫೋಕಸ್ ಮಾಡಿ. 2013ರಲ್ಲಿ ನಾನು ನನ್ನ ಕ್ಯಾಮರಾದ ಪರದೆಯಲ್ಲಿ ಒಂದೇ ಒಂದು ಚಿತ್ರವನ್ನು ಹಿಗ್ಗಿಸಿ ನೋಡಿದ್ದರೂ ಆ ಸಂಜೆ ಜೂಮ್ ಲೆನ್ಸಾದರೂ ಹಾಕಿಕೊಳ್ಳುತ್ತಿದ್ದೆ.

ಹೀಲಿಯಾಸ್ 44-2ರಲ್ಲಿ ದ್ವಾರಕ್ಕೆ ಎರಡು ಉಂಗುರಗಳಿವೆ. ಮೊದಲನೆಯದರಲ್ಲಿ 2, 2.8, 4, 5.6, 8, 11, 16 ಎಂಬ ಸಂಖ್ಯೆಗಳಲ್ಲಿ ಬೇಕಾದ್ದನ್ನು ಆರಿಸಿಡುವುದು. ಎರಡನೆಯದನ್ನು ಸರಿಸಿ ಪೂರ್ತಿ ತೆರೆದು ಫೋಕಸ್ ಮಾಡಿ, ಮತ್ತೆ ಆರಿಸಿಟ್ಟ ಜಾಗಕ್ಕೆ ಮುಚ್ಚುವುದು. ಮುಂದಿನಿಂದ ಇಣುಕಿದರೆ ಎಂಟು ಕಪ್ಪು ರೆಕ್ಕೆಗಳು ಹೂವಿನ ಎಸಳಿನಂತೆ ಮುಚ್ಚಿಕೊಳ್ಳುವುದು ಕಾಣುತ್ತದೆ. ಆ ವಿಚಿತ್ರ ಸಂಖ್ಯೆಗಳ ಗುಟ್ಟು ಇಲ್ಲಿದೆ: 58ನ್ನು 2ರಿಂದ ಭಾಗಿಸಿದರೆ 29 ಮಿ.ಮೀ., ಅದೇ ದ್ವಾರದ ವ್ಯಾಸ. 4ರಿಂದ ಭಾಗಿಸಿದರೆ 14.5. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗ. ವಿಸ್ತೀರ್ಣ ಅರ್ಧ ಮಾತ್ರ ಆಗಬೇಕಾದರೆ ಎರಡರ ವರ್ಗಮೂಲದಿಂದ, ಅಂದರೆ 1.4ರಿಂದ, ಗುಣಿಸುತ್ತ ಹೋಗಬೇಕು. 2, 2.8, 4, 5.6 ಬಂದದ್ದು ಹಾಗೆ. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧ, ಷಟರ್ ತೆರೆದಿರುವ ಹೊತ್ತು ಎರಡರಷ್ಟು. ಈ ಪಾಠವನ್ನು ಪುಸ್ತಕದಲ್ಲಿ ಓದಿ ಮರೆತವರುಂಟು, ಉಂಗುರ ತಿರುಗಿಸಿ ಕಲಿತವರು ಮರೆಯುವುದಿಲ್ಲ.

ಹಳೆಯ ಲೆನ್ಸು ತಾನು ಯಾವ ಅಳತೆಯಲ್ಲಿತ್ತೆಂದು ಕ್ಯಾಮರಾಕ್ಕೆ ಹೇಳುವುದಿಲ್ಲ. ಆದ್ದರಿಂದ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ಚಿತ್ರದ ಸಂಖ್ಯೆ, ದ್ವಾರ, ಬೆಳಕು ಎಲ್ಲಿಂದ ಬರುತ್ತಿತ್ತು, ಎಷ್ಟು ಹೊತ್ತು ಎಂದು ಬರೆಯಿರಿ ಎಂದು ಹುಡುಗಿಗೆ ಹೇಳಿದೆ. ಭಾನುವಾರ ಬಿಸಿಲಿನಲ್ಲಿ ಮಾಡಲು ಒಂದು ಅಭ್ಯಾಸವನ್ನೂ ಕೊಟ್ಟೆ. ನಿಚ್ಚಳ ಬಿಸಿಲಿದ್ದರೆ ದ್ವಾರ 16, ಐಎಸ್‌ಒ 100, ಷಟರ್ ಸುಮಾರು ನೂರನೇ ಒಂದು ಸೆಕೆಂಡ್. ಇದು ಫಿಲ್ಮಿನ ಕಾಲದವರ ಹಳೆಯ ಸೂತ್ರ. ಅಲ್ಲಿಂದ ಶುರು ಮಾಡಿ, ಮರದ ನೆರಳಿಗೆ ಬಂದಾಗ ಎಷ್ಟು ಮೆಟ್ಟಿಲು ತೆರೆಯಬೇಕೆಂದು ಮೊದಲು ಊಹಿಸಿ, ಬರೆದು, ಆಮೇಲೆ ಪರೀಕ್ಷಿಸಬೇಕು.

ತಂದೆತಾಯಿಯರಿಗೆ ಕೆಲವು ಮಾತು. ಹಳೆಯ ಲೆನ್ಸು ಎಲ್ಲಕ್ಕೂ ಮದ್ದಲ್ಲ. ಓಡುವ ಮಕ್ಕಳು, ಕಬಡ್ಡಿ ಪಂದ್ಯ, ಹಾರುವ ಹಕ್ಕಿ ಇವಕ್ಕೆ ಆಟೋಫೋಕಸ್ಸೇ ಅನುಕೂಲ. ಎದುರು ಬೆಳಕಿನಲ್ಲಿ ಹಳೆಯ ಗಾಜು ಬೇಗ ಮಂಕಾಗುತ್ತದೆ. ಮುಂದೆ ಒಂದು ಹುಡ್ ಹಾಕಬೇಕು, ಇಲ್ಲವೇ ಅಂಗೈಯಿಂದ ನೆರಳು ಮಾಡಬೇಕು. ಎ6000ದಂಥ ಕ್ಯಾಮರಾಗಳ ಸೆನ್ಸರು ಹಳೆಯ ಫಿಲ್ಮಿಗಿಂತ ಚಿಕ್ಕದು. 58 ಮಿ.ಮೀ. ಲೆನ್ಸು ಅಲ್ಲಿ 58ರ ಒಂದೂವರೆ ಪಟ್ಟು, ಅಂದರೆ 87 ಮಿ.ಮೀ. ಲೆನ್ಸಿನಷ್ಟು ಕಿರಿದಾದ ನೋಟ ಕೊಡುತ್ತದೆ. ಮುಖಚಿತ್ರಕ್ಕೆ ಇದು ಹೇಳಿ ಮಾಡಿಸಿದ್ದು, ಚಿಕ್ಕ ಕೋಣೆಯಲ್ಲಿ ಇಡೀ ಕುಟುಂಬವನ್ನು ತೆಗೆಯಲು ಆಗದು. ಮನೆಯಲ್ಲಿ ಹಳೆಯ ಲೆನ್ಸು ಇಲ್ಲದವರು ಗೀಳಿಗೆ ಬಿದ್ದು ಒಂದಾದ ಮೇಲೊಂದು ಕೊಳ್ಳುತ್ತ ಹೋದರೆ ಉಳಿತಾಯವೂ ಇಲ್ಲ, ಕಲಿಕೆಯೂ ಇಲ್ಲ. ಒಂದು ಲೆನ್ಸು, ಒಂದು ಉಂಗುರ, ಒಂದು ವರ್ಷ. ಅಷ್ಟು ಸಾಕು.

ಬೀರುವಿನಿಂದ ತೆಗೆದ ಕೂಡಲೇ ಲೆನ್ಸನ್ನು ಪರೀಕ್ಷಿಸಿ. ಎರಡೂ ಮುಚ್ಚಳ ತೆಗೆದು, ದ್ವಾರ ಪೂರ್ತಿ ತೆರೆದು, ಹಿಂಬದಿಯಿಂದ ಟಾರ್ಚ್ ಬಿಡಿ. ಒಂದಿಷ್ಟು ಧೂಳಿನ ಕಣಗಳಿಂದ ಏನೂ ಆಗದು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಇದು ಲೆನ್ಸಿನ ದೊಡ್ಡ ಶತ್ರು. ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕುತ್ತದೆ. ಸ್ವಲ್ಪವಿದ್ದಾಗಲೇ ಬಲ್ಲವರಿಂದ ಸ್ವಚ್ಛ ಮಾಡಿಸಬೇಕು. ತಾವೇ ತಿರುಪು ಬಿಚ್ಚಿ ಸಾಹಸ ಮಾಡಬಾರದು. ತೇವ ಹೀರುವ ಚರ್ಮದ ಚೀಲದಲ್ಲಿ ಲೆನ್ಸು ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಆಗಾಗ ಹೊರಗೆ ತೆಗೆದು ಬಳಸಿ.

ಯಾವ ಲೆನ್ಸನ್ನೂ ಬಲವಂತದಿಂದ ತಿರುಗಿಸಿ ಕೂರಿಸಬೇಡಿ. 1977ಕ್ಕೆ ಮುಂಚಿನ ನಿಕಾನ್ ಲೆನ್ಸುಗಳನ್ನು ಕೆಲವು ನಿಕಾನ್ ಡಿಜಿಟಲ್ ಎಸ್‌ಎಲ್‌ಆರ್‌ಗಳಿಗೆ ಹಾಕಿದರೆ ಕ್ಯಾಮರಾದ ಅಂಚಿನ ಪುಟ್ಟ ಕಡ್ಡಿ ಮುರಿಯುವ ಅಪಾಯವಿದೆ. ಮೊದಲು ತಿಳಿದವರನ್ನು ಕೇಳಿ. ಲೆನ್ಸು ಭಾರವಾಗಿದ್ದರೆ ಎಡಗೈ ಲೆನ್ಸಿನ ಕೆಳಗಿರಲಿ, ಕ್ಯಾಮರಾದ ಮೌಂಟಿನ ಮೇಲೆ ಭಾರ ಬೀಳದಿರಲಿ. ಅಡಾಪ್ಟರ್ ಕೊಂಡ ಕೂಡಲೇ ಮಾಡಬೇಕಾದ ಪರೀಕ್ಷೆಯೂ ಒಂದಿದೆ. ಮಹಡಿಗೆ ಹೋಗಿ, ಕಾಣುವಷ್ಟರಲ್ಲಿ ಅತ್ಯಂತ ದೂರದ ಗೋಪುರವನ್ನೋ ತೆಂಗಿನ ಮರವನ್ನೋ ಹಿಗ್ಗಿಸಿ ನೋಡಿ ಫೋಕಸ್ ಮಾಡಿ. ಸ್ಪಷ್ಟವಾಗಿ ಬಂದರೆ ಉಂಗುರ ಸರಿಯಾಗಿದೆ. ಬಾರದಿದ್ದರೆ ಅಂಗಡಿಗೆ ಹಿಂದಿರುಗಿಸಿ. ಹೂಕುಂಡವನ್ನು ನಂಬಬೇಡಿ.

ಸಂಕ್ರಾಂತಿಗೆ ತಂಗಿಯ ಮನೆಗೆ ಹೋಗಿದ್ದೆ. ಹುಡುಗಿ ನೋಟ್‌ಬುಕ್ ತಂದು ತೋರಿಸಿದಳು. ಮೊದಲ ಎರಡು ಪುಟಗಳ ತುಂಬ 'ಫೋಕಸ್ ತಪ್ಪಿತು', 'ಬೆಳಕು ಹೆಚ್ಚಾಯಿತು' ಎಂದೇ ಇತ್ತು. ಮೂರನೆಯ ಪುಟದಲ್ಲಿ ಒಂದು ಚಿತ್ರದ ಸಂಖ್ಯೆ, ಮುಂದೆ 'ದ್ವಾರ 2.8, ಬೆಳಗ್ಗೆ 8, ಜಗಲಿ, ಎಡಗಡೆಯಿಂದ ಬಿಸಿಲು' ಎಂದು ಬರೆದಿತ್ತು. ಅವಳ ಅಜ್ಜಿ ಜಗಲಿಯ ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತ ಕೂತಿದ್ದಾರೆ. ಹಿಂದಿನ ಮಾವಿನ ಮರದ ಎಲೆಗಳ ನಡುವಿನ ಬೆಳಕಿನ ಚುಕ್ಕೆಗಳು ಸುಳಿಯಂತೆ ಸುತ್ತಿಕೊಂಡಿವೆ, ಅದು ಹೀಲಿಯಾಸಿನ ಸ್ವಭಾವ. ಅಜ್ಜಿಯ ಕಣ್ಣು ಮಾತ್ರ ಸ್ಪಷ್ಟವಾಗಿ ನಮ್ಮನ್ನೇ ನೋಡುತ್ತಿದೆ. 'ಅವರು ಇದೇ ಜಾಗದಲ್ಲಿ ಕೂರಿಸಿ ನನ್ನದು ಎಷ್ಟು ಸಲ ತೆಗೆದರೋ' ಎಂದರು ಅಜ್ಜಿ. ಅಪ್ಪ ಆ ಚಿತ್ರಕ್ಕೆ ಕಟ್ಟು ಹಾಕಿಸಿ ತಂದಿದ್ದಾರೆ. ಕಟ್ಟಿಗಾದ ಖರ್ಚನ್ನು ಯಾರೂ ಕೇಳಲಿಲ್ಲ.

ಅವರ ಕೈಗೆ ಲೆನ್ಸು ಹಿಂದಿರುಗಿಸಿದ ದಿನ ನಾನೂ ಹೀಗೆ ಒಂದು ಕಾಗದದ ಮೇಲೆ ಎರಡು ಸಂಖ್ಯೆ ಬರೆದು ಕಳೆದು ನೋಡಿದ್ದರೆ, 'ಈ ಕ್ಯಾಮರಾಕ್ಕೆ ಬಾರದು ಸಾರ್, ಕನ್ನಡಿಯಿಲ್ಲದ್ದಕ್ಕೆ ಬರುತ್ತದೆ' ಎಂದು ಹೇಳಬಹುದಿತ್ತು. ಅಂಥ ಕ್ಯಾಮರಾಗಳು ಆಗಲೇ ಬಂದಿದ್ದವು, ಅವರಿಗೂ ಇನ್ನೂ ಆರು ವರ್ಷ ಆಯುಸ್ಸಿತ್ತು. ನಿಮ್ಮ ಮನೆಯ ಬೀರುವಿನಲ್ಲೂ ಅಂಥದೊಂದು ಲೆನ್ಸಿದ್ದರೆ ಈ ಭಾನುವಾರವೇ ತೆಗೆದು ನೋಡಿ. ಅದರ ಒಡೆಯರು ಇನ್ನೂ ಮನೆಯಲ್ಲಿದ್ದರೆ, ಮೊದಲ ಪಾಠವನ್ನು ಅವರಿಂದಲೇ ಹೇಳಿಸಿಕೊಳ್ಳಿ.